ಗುಂಡಿಗೆ ಲೆಕ್ಕವಿದೆ, ಗೊಬ್ಬರಕ್ಕೆ?

ಬ್ಯಾಡಗಿಯಲ್ಲಿ ‘ಟೆಂಡರ್’ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸೋಮವಾರ, ಗುರುವಾರ ಬಂತೆಂದರೆ ಎಪಿಎಂಸಿ ಪ್ರಾಂಗಣದ ತುಂಬ ಮೆಣಸಿನಕಾಯಿ ಚೀಲಗಳು. ಖರೀದಿದಾರರು ಒಂದೊಂದು ಲಾಟಿನ ಮುಂದೆ ನಿಂತು, ಕಾಯಿ ಮುರಿದು, ಬಣ್ಣ ನೋಡಿ, ತಮ್ಮ ದರ ಹಾಕುತ್ತಾರೆ. ಯಾರದು ಹೆಚ್ಚೋ ಅವರಿಗೆ ಮಾಲು. ನಮ್ಮಪ್ಪ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಹಾಗಾಗಿ ಪ್ರೈಮರಿ ಶಾಲೆಯ ಮಗ್ಗಿಗಿಂತ ಮೊದಲೇ ಕಡ್ಡಿ, ಡಬ್ಬಿ, ಗುಂಟೂರು ತಳಿಗಳ ದರ ನನ್ನ ಕಿವಿಗೆ ಬಿದ್ದಿತ್ತು.

ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕೂತಾಗ ಇದೇ ಶಬ್ದ ತಲೆಕೆಳಗಾಗಿ ಎದುರಾಯಿತು. ಸರ್ಕಾರದ ಟೆಂಡರಿನಲ್ಲಿ ಗೆಲ್ಲುವುದು ಕಡಿಮೆ ದರ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಅಂದರೆ ನಾವೆಲ್ಲ ‘ಕೆಟಿಪಿಪಿ’ ಎಂದು ಬಾಯಿಪಾಠ ಮಾಡುವ ಕಾಯ್ದೆ, ಹೇಳುವುದು ಅದನ್ನೇ. ಬಂದ ಟೆಂಡರ್‌ಗಳನ್ನು ಮೌಲ್ಯಮಾಪನ ಮಾಡಿ, ಅರ್ಹರ ಪೈಕಿ ಅತಿ ಕಡಿಮೆ ದರ ಕೊಟ್ಟವರಿಗೆ ಕೊಡಬೇಕು. ಪರೀಕ್ಷೆಯಲ್ಲಿ ಇದಕ್ಕೆ ಒಂದೋ ಎರಡೋ ಅಂಕ. ಇಸವಿ ನೆನಪಿಟ್ಟುಕೊಂಡು ಮುಂದೆ ಹೋಗುತ್ತೇವೆ.

ನಾನು ಮುಂದೆ ಹೋಗದೆ ಅಲ್ಲೇ ನಿಂತದ್ದು ಒಂದು ಪ್ರಶ್ನೆಯಿಂದ. ಕುರ್ಚಿ, ಕಂಪ್ಯೂಟರ್, ಜಲ್ಲಿಕಲ್ಲು ಎಲ್ಲಕ್ಕೂ ಟೆಂಡರ್ ಇದೆ, ಸರಿ. ಸರ್ಕಾರ ಬಂದೂಕಿನ ಗುಂಡನ್ನು ಹೇಗೆ ಕೊಳ್ಳುತ್ತದೆ? ಹಾವೇರಿ ಜಿಲ್ಲೆಯವರಿಗೆ ಈ ಪ್ರಶ್ನೆ ಏಕೆ ಬರುತ್ತದೆ ಎಂದು ಬೇರೆ ಜಿಲ್ಲೆಯ ಓದುಗರಿಗೆ ಹೇಳಬೇಕಾಗುತ್ತದೆ. 2008ರ ಜೂನ್ 10ರಂದು ಹಾವೇರಿ ಪಟ್ಟಣದಲ್ಲಿ ರಸಗೊಬ್ಬರಕ್ಕಾಗಿ ಪ್ರತಿಭಟಿಸಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಈಗಲೂ ಪ್ರತಿವರ್ಷ ಆ ದಿನ ರೈತ ಸಂಘಟನೆಗಳು ಅವರನ್ನು ನೆನೆಯುತ್ತವೆ. ಗೋಲಿಬಾರ್ ಬಗ್ಗೆ ಬಹಳ ಚರ್ಚೆಯಾಗಿದೆ. ಅದರಲ್ಲಿ ಎರಡು ಸರ್ಕಾರಿ ಖರೀದಿಗಳು ಎದುರುಬದುರು ನಿಂತಿದ್ದವು ಎಂಬ ಮಾತು ಮಾತ್ರ ನನಗೆ ಎಲ್ಲೂ ಸಿಗಲಿಲ್ಲ. ಗೊಬ್ಬರವೂ ಸರ್ಕಾರದ ದುಡ್ಡಿನಿಂದಲೇ ಬರಬೇಕು, ಗುಂಡೂ ಅಷ್ಟೇ. ಅಂದು ಒಂದರ ದಾಸ್ತಾನು ಇರಲಿಲ್ಲ, ಇನ್ನೊಂದರದು ಇತ್ತು.

ಮೊದಲು ಗುಂಡಿನ ವಿಷಯ. ಮದ್ದುಗುಂಡನ್ನು ಪರವಾನಗಿಯಿಲ್ಲದೆ ಪೇಟೆಯಲ್ಲಿ ಇಟ್ಟು ಮಾರುವಂತಿಲ್ಲ. ಸೈನ್ಯ ಮತ್ತು ಪೊಲೀಸರ ರೈಫಲ್ಲುಗಳ ಗುಂಡುಗಳನ್ನು ಈ ದೇಶದಲ್ಲಿ ಬಹುಕಾಲ ತಯಾರಿಸಿದ್ದು ಸರ್ಕಾರದ್ದೇ ಆರ್ಡ್‌ನೆನ್ಸ್ ಕಾರ್ಖಾನೆಗಳು. ಪುಣೆ ಹತ್ತಿರದ ಖಡಕಿಯ ಕಾರ್ಖಾನೆ ಬ್ರಿಟಿಷರ ಕಾಲದ್ದು, 1869ರಲ್ಲಿ ಶುರುವಾದದ್ದು. ಮಹಾರಾಷ್ಟ್ರದ ವರಣಗಾಂವ್‌ನಲ್ಲಿ ಇನ್ನೊಂದು ಇದೆ. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ಅನ್ನು ವಿಸರ್ಜಿಸಿ, ಅದರ 41 ಕಾರ್ಖಾನೆಗಳನ್ನು ಏಳು ಸರ್ಕಾರಿ ಕಂಪನಿಗಳಿಗೆ ಹಂಚಿದರು. ಮದ್ದುಗುಂಡಿನ ಪಾಲು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಹೋಯಿತು. ಅಶ್ರುವಾಯು ಶೆಲ್ ಬೇಕೆಂದರೆ ಅದಕ್ಕೂ ಒಂದು ಸರ್ಕಾರಿ ತಯಾರಕ ಘಟಕವಿದೆ. ಗಡಿ ಭದ್ರತಾ ಪಡೆಯವರು ಗ್ವಾಲಿಯರ್ ಸಮೀಪದ ಟೇಕನ್‌ಪುರದಲ್ಲಿ 1970ರ ದಶಕದಿಂದ ಅದನ್ನು ನಡೆಸುತ್ತಿದ್ದಾರೆ.

ಇಲ್ಲೊಂದು ಅಡ್ಡಮಾತು ಹೇಳದೆ ಇರಲಾರೆ. ಕಾಶ್ಮೀರದಲ್ಲಿ 2016ರಲ್ಲಿ ಪೆಲೆಟ್ ಬಂದೂಕಿನಿಂದ ಜನರ ಕಣ್ಣು ಹೋದವೆಂದು ದೊಡ್ಡ ಗಲಾಟೆಯಾದಾಗ, ಬದಲಿಗೆ ‘ಪಾವಾ’ ಶೆಲ್ ಬಳಸಲು ಕೇಂದ್ರ ತೀರ್ಮಾನಿಸಿತು. ತಯಾರಾದದ್ದು ಇದೇ ಟೇಕನ್‌ಪುರದಲ್ಲಿ. ಅದರಲ್ಲಿರುವುದು ಮೆಣಸಿನಕಾಯಿಯ ಖಾರದ ಜಾತಿಗೇ ಸೇರಿದ ರಾಸಾಯನಿಕ. ನಮ್ಮ ಗೆಳೆಯರು ‘ಹಾಗಾದ್ರ ಬ್ಯಾಡಗಿಗೆ ದೊಡ್ಡ ಆರ್ಡರ್ ಬರ್ತೈತಿ ಬಿಡು’ ಎಂದು ನಕ್ಕರು. ಬರಲಾರದು. ಬ್ಯಾಡಗಿ ಕಾಯಿಗೆ ಹೆಸರಿರುವುದು ಬಣ್ಣಕ್ಕೆ, ಖಾರ ಕಡಿಮೆ. ಓಲಿಯೋರೆಸಿನ್ ತೆಗೆದು ಆಹಾರಕ್ಕೆ, ಲಿಪ್‌ಸ್ಟಿಕ್‌ಗೆ ಬಣ್ಣ ಕೊಡುವುದು ಅದರ ಕೆಲಸ.

ತಯಾರಿಸುವವನು ಒಬ್ಬನೇ, ಕೊಳ್ಳುವವನೂ ಸರ್ಕಾರವೇ ಆದರೆ ‘ಕಡಿಮೆ ದರ’ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಒಬ್ಬನೇ ಖರೀದಿದಾರ ಬಂದ ದಿನ ಮೆಣಸಿನಕಾಯಿಗೆ ಏನಾಗುತ್ತದೆ ಎಂದು ನಮ್ಮೂರಿನ ಯಾವ ಹಮಾಲರನ್ನು ಕೇಳಿದರೂ ಹೇಳುತ್ತಾರೆ. ಇಲ್ಲಿ ಅದೇ ಮಾತು ತಿರುವುಮುರುವು, ಅಷ್ಟೇ. ತಯಾರಕನ ಖರ್ಚು ಎಷ್ಟೋ ಅದೇ ದರ. ಬರುವ ಹೊತ್ತೂ ಅವನದೇ. ಇದರ ಪರಿಣಾಮ ಸಿಎಜಿ 2017ರಲ್ಲಿ ಸಂಸತ್ತಿಗೆ ಕೊಟ್ಟ ವರದಿಯಲ್ಲಿ ಕಂಡಿತು. ಸೈನ್ಯ 40 ದಿನಗಳ ಯುದ್ಧಕ್ಕೆ ಸಾಲುವಷ್ಟು ಮದ್ದುಗುಂಡು ಇಟ್ಟುಕೊಳ್ಳಬೇಕು ಎಂಬುದು ಲೆಕ್ಕ. 2016ರ ಸೆಪ್ಟೆಂಬರ್ ಹೊತ್ತಿಗೆ 152 ಬಗೆಗಳ ಪೈಕಿ 61 ಬಗೆ 10 ದಿನಕ್ಕೂ ಸಾಲುವಂತಿರಲಿಲ್ಲ. ದುಡ್ಡಿಲ್ಲದೆ ಹೀಗಾಯಿತು ಎಂದು ಹೇಳಿ ಮುಗಿಸುವ ಹಾಗಿಲ್ಲ. ಬೇಡಿಕೆ ಕೊಟ್ಟದ್ದು ಹೊತ್ತಿಗೆ ಬರಲಿಲ್ಲ ಎಂಬುದೂ ಕಾರಣಗಳಲ್ಲಿ ಒಂದಾಗಿತ್ತು. ಈಗ ಖಾಸಗಿಯವರೂ ಇಳಿದಿದ್ದಾರೆ. 2024ರ ಫೆಬ್ರುವರಿಯಲ್ಲಿ ಕಾನ್ಪುರದಲ್ಲಿ ಅದಾನಿ ಸಮೂಹದ ಮದ್ದುಗುಂಡು ಕಾರ್ಖಾನೆ ಶುರುವಾಯಿತು. ಪೈಪೋಟಿಯಿಂದ ದರ ಇಳಿಯುತ್ತದೋ, ಒಂದು ಏಕಸ್ವಾಮ್ಯ ಹೋಗಿ ಎರಡು ಮನೆಗಳ ಹಂಚಿಕೆಯಾಗುತ್ತದೋ ಎಂಬುದನ್ನು ಮುಂದಿನ ಸಿಎಜಿ ವರದಿಗಳಲ್ಲಿ ಹುಡುಕಬೇಕು.

ಸಂಖ್ಯೆಗಳ ಬಗ್ಗೆ ಒಂದು ಎಚ್ಚರಿಕೆಯೂ ಬೇಕು. ಅಮೆರಿಕದಲ್ಲಿ 2012–13ರಲ್ಲಿ ಒಂದು ಸುದ್ದಿ ಹಬ್ಬಿತು. ಅಲ್ಲಿನ ಆಂತರಿಕ ಭದ್ರತಾ ಇಲಾಖೆ 160 ಕೋಟಿ ಗುಂಡು ಕೊಳ್ಳುತ್ತಿದೆ, ಸ್ವಂತ ಜನರ ಮೇಲೆ ಹಾರಿಸಲಿಕ್ಕೇ ಇದು ಎಂದು. ಪೇಟೆಯಲ್ಲಿ ಗುಂಡಿನ ಅಭಾವಕ್ಕೂ ಇದೇ ಕಾರಣ ಎಂದು ಬಹಳ ಜನ ನಂಬಿದರು. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2014ರ ಜನವರಿಯಲ್ಲಿ ವರದಿ ಕೊಟ್ಟಾಗ ಗೊತ್ತಾದದ್ದು ಬೇರೆ. ಇಲಾಖೆ ನಿಜವಾಗಿ ಕೊಂಡದ್ದು ವರ್ಷಕ್ಕೆ ಸರಾಸರಿ ಸುಮಾರು 10.9 ಕೋಟಿ. ಬಂದೂಕು ಹಿಡಿಯುವ ಸಿಬ್ಬಂದಿಯೇ ಸುಮಾರು 70,000 ಇದ್ದರು, ಹೆಚ್ಚಿನ ಪಾಲು ತರಬೇತಿಗೆ ಹೋಗುತ್ತಿತ್ತು. ಕೋಟಿಗಳು ಎಲ್ಲಿಂದ ಬಂದವು ಎಂದರೆ, ದರ ಒಪ್ಪಂದದಲ್ಲಿ ‘ಐದು ವರ್ಷಗಳಲ್ಲಿ ಗರಿಷ್ಠ ಇಷ್ಟರವರೆಗೆ’ ಎಂದು ಬರೆದ ಮಿತಿಯನ್ನು ಜನ ಖರೀದಿ ಎಂದು ಓದಿಕೊಂಡಿದ್ದರು. ನಮ್ಮಲ್ಲೂ ಟೆಂಡರ್ ಪ್ರಕಟಣೆಯ ಅಂದಾಜು ಮೊತ್ತವನ್ನು ಖರ್ಚಾದ ಹಣ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಿಸುವವರಿಗೆ ಕಡಿಮೆಯಿಲ್ಲ. ಅಂದಾಜು ಬೇರೆ, ಕಾರ್ಯಾದೇಶ ಬೇರೆ, ಬಟವಾಡೆಯಾದ ಬಿಲ್ಲು ಬೇರೆ. ದಲಾಲಿ ಅಂಗಡಿಯಲ್ಲಿ ಹಾಕಿದ ದರ, ತೂಕವಾದ ಮಾಲು, ಕೈಗೆ ಬಂದ ಪಟ್ಟಿಯ ಹಣ ಬೇರೆಬೇರೆ ಇದ್ದ ಹಾಗೆ.

ಗುಂಡಿನ ನಿಜವಾದ ಖರ್ಚು ಅದನ್ನು ಕೊಂಡ ಮೇಲೆ ಶುರುವಾಗುತ್ತದೆ. ಬೀಗ ಹಾಕಿದ ಕೊಠಡಿ, ಹಗಲು ರಾತ್ರಿ ಕಾವಲು, ಒಳಗೆ ತೇವ ಇಳಿಯದಂತೆ ವ್ಯವಸ್ಥೆ, ಅವಧಿ ಮೀರುವ ಮುನ್ನ ಬಳಸಿ ಮುಗಿಸುವ ಯೋಜನೆ, ವರ್ಷಕ್ಕೊಮ್ಮೆ ಗುರಿ ಅಭ್ಯಾಸ. ಸಶಸ್ತ್ರ ಮೀಸಲು ಪಡೆಗೆ ಸೇರಿದ ನಮ್ಮೂರ ಗೆಳೆಯನೊಬ್ಬ ಅಭ್ಯಾಸದ ದಿನದ ಬಗ್ಗೆ ಹೇಳುತ್ತಿದ್ದ: ‘ಗುರಿಗೆ ಬಿತ್ತೋ ಇಲ್ಲೋ ಆಮ್ಯಾಲಿನ ಮಾತು. ಮೊದಲ ಖಾಲಿ ಕೋಶ ಆರಿಸಿ ಎಣಿಸಿ ಕೊಡಬೇಕು. ಒಂದು ಕಮ್ಮಿ ಆದ್ರ ಇಡೀ ಮೈದಾನ ಹುಡುಕಬೇಕು.’ ಕೊಟ್ಟ ಗುಂಡು, ಹಾರಿಸಿದ ಗುಂಡು, ಮರಳಿಸಿದ ಗುಂಡು, ಖಾಲಿ ಕೋಶ ಎಲ್ಲಕ್ಕೂ ವಹಿಯಲ್ಲಿ ಸಹಿ. ಈ ಅಭ್ಯಾಸದ ಗುಂಡುಗಳಲ್ಲೇ ಉಳಿತಾಯ ಮಾಡಲು ಹೊರಟರೆ ಅದರಂಥ ದುಬಾರಿ ಉಳಿತಾಯ ಇನ್ನೊಂದಿಲ್ಲ. ಸರಿಯಾಗಿ ಅಭ್ಯಾಸವಿಲ್ಲದ ಕೈ ಗುಂಪಿನ ಎದುರು ನಡುಗಿದರೆ ಗುಂಡು ಕಾಲಿಗೆ ಹೋಗಬೇಕಾದ್ದು ಎದೆಗೆ ಹೋಗುತ್ತದೆ.

ವಹಿ ಇದ್ದ ಮಾತ್ರಕ್ಕೆ ಲೆಕ್ಕ ಸರಿಯಿರುತ್ತದೆ ಎಂದೇನೂ ಅಲ್ಲ. ಪಕ್ಕದ ಕೇರಳದಲ್ಲಿ 2020ರ ಫೆಬ್ರುವರಿಯಲ್ಲಿ ವಿಧಾನಸಭೆಯಲ್ಲಿ ಮಂಡನೆಯಾದ ಸಿಎಜಿ ವರದಿ, ತಿರುವನಂತಪುರದ ಸಶಸ್ತ್ರ ಪೊಲೀಸ್ ಬೆಟಾಲಿಯನ್‌ನಲ್ಲಿ 25 ಇನ್ಸಾಸ್ ರೈಫಲ್ ಮತ್ತು 12,061 ಜೀವಂತ ಗುಂಡುಗಳ ಕೊರತೆ ಇದೆ ಎಂದಿತು. ಕೆಲವು ಗುಂಡುಗಳ ಜಾಗದಲ್ಲಿ ನಕಲಿ ಇಡಲಾಗಿತ್ತು. ರೈಫಲ್‌ಗಳೆಲ್ಲ ಇವೆ ಎಂದು ಆಮೇಲೆ ಪೊಲೀಸರು ತೋರಿಸಿದರು. ಆದರೂ ಗಮನಿಸಿ, ಹನ್ನೆರಡು ಸಾವಿರದ ಅರವತ್ತೊಂದು. ಆ ಕೊನೆಯ ಒಂದನ್ನೂ ಲೆಕ್ಕಪರಿಶೋಧಕ ಬಿಡಲಿಲ್ಲ. ಬಿಡಿಬಿಡಿಯಾಗಿ ಎಣಿಸುವ ಪದ್ಧತಿ ಇದ್ದುದರಿಂದಲೇ ಎಷ್ಟು ಕಡಿಮೆ ಎಂದು ಹೇಳಲು ಸಾಧ್ಯವಾಯಿತು.

ಈಗ ಗೊಬ್ಬರಕ್ಕೆ ಬರೋಣ. 2008ರಲ್ಲಿ ರೈತರು ಕೇಳಿದ್ದು ಮುಖ್ಯವಾಗಿ ಡಿಎಪಿ. ಬಿತ್ತುವಾಗಲೇ ಬೀಜದ ಜೊತೆ ಮಣ್ಣಿಗೆ ಬೀಳಬೇಕಾದ ಗೊಬ್ಬರ ಅದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಗೋವಿನಜೋಳ, ಹತ್ತಿ ಹಾಕುವವರಿಗೆ ಮಿರಗದ ಮಳೆಯ ಹದ ಎಂದರೆ ನಾಲ್ಕೈದು ದಿನ. ಆ ಹದ ಹೋದಮೇಲೆ ಬಂದ ಲಾರಿಯನ್ನು ನೋಡಿ ಏನು ಮಾಡುವುದು? ಆಗ ಡಿಎಪಿಯ ಮಾರಾಟ ಬೆಲೆ ಟನ್ನಿಗೆ 9,350 ರೂಪಾಯಿ, ಅಂದರೆ 50 ಕೆ.ಜಿ. ಚೀಲಕ್ಕೆ ಸುಮಾರು 467 ರೂಪಾಯಿ ಎಂದು ನಿಗದಿಯಾಗಿತ್ತು. ಹಲವು ವರ್ಷಗಳಿಂದ ಅದು ಬದಲಾಗಿರಲಿಲ್ಲ. ಅದೇ ವರ್ಷ ಅಂತರರಾಷ್ಟ್ರೀಯ ಪೇಟೆಯಲ್ಲಿ ಡಿಎಪಿ ಟನ್ನಿಗೆ 1,000 ಡಾಲರ್ ದಾಟಿತು. ಆಗಿನ ರೂಪಾಯಿ ಲೆಕ್ಕದಲ್ಲಿ 40,000ಕ್ಕೂ ಹೆಚ್ಚು. ನಡುವಿನ ಅಂತರವನ್ನೆಲ್ಲ ಕೇಂದ್ರ ಸಬ್ಸಿಡಿಯಾಗಿ ತುಂಬಬೇಕು. 2007–08ರಲ್ಲಿ ಸುಮಾರು 40,000 ಕೋಟಿ ರೂಪಾಯಿ ಇದ್ದ ರಸಗೊಬ್ಬರ ಸಬ್ಸಿಡಿ 2008–09ರಲ್ಲಿ ಒಂದು ಲಕ್ಷ ಕೋಟಿಯ ಹತ್ತಿರ ಹೋಯಿತು. ಅದರಲ್ಲಿ ಒಂದು ಭಾಗವನ್ನು ಕಂಪನಿಗಳಿಗೆ ನಗದಿನ ಬದಲು ಬಾಂಡ್ ರೂಪದಲ್ಲಿ ಕೊಡಬೇಕಾಯಿತು.

ಇದನ್ನು ನಮ್ಮ ಪೇಟೆಯ ಭಾಷೆಯಲ್ಲಿ ಹೇಳುವುದಾದರೆ, 40,000ಕ್ಕೆ ಕೊಂಡು 9,350ಕ್ಕೆ ಮಾರು, ಉಳಿದದ್ದು ಆಮೇಲೆ ಕೊಡುತ್ತೇನೆ ಎಂದರೆ ಯಾವ ವ್ಯಾಪಾರಿಯೂ ಮುಂಗಡವಾಗಿ ಮಾಲು ತಂದು ಗೋದಾಮು ತುಂಬುವುದಿಲ್ಲ. ಕಾದು ನೋಡುತ್ತಾನೆ. ಹೀಗೆ ದೆಹಲಿಯಲ್ಲಿ ಸಬ್ಸಿಡಿ ಬಿಲ್ಲು ಕಾಯುತ್ತದೆ, ಬಂದರಿನಲ್ಲಿ ಹಡಗು ತಡವಾಗುತ್ತದೆ, ರೈಲು ವ್ಯಾಗನ್ ಬರುವುದು ಮುಂದೂಡುತ್ತದೆ, ಕೊನೆಗೆ ಹಾವೇರಿಯ ಅಂಗಡಿ ಮುಂದೆ ಸಾಲು ಬೆಳೆಯುತ್ತದೆ. ಸಾಲಿನಲ್ಲಿ ನಿಂತವನಿಗೆ ಈ ಯಾವ ಸಂಗತಿಯೂ ತಿಳಿದಿರುವುದಿಲ್ಲ. ನಮ್ಮ ದೊಡ್ಡಪ್ಪ ಆ ವರ್ಷದ ಸಾಲುಗಳ ಬಗ್ಗೆ ಹೇಳುವಾಗ ಪೊಲೀಸರನ್ನು ಬೈಯುವುದಿಲ್ಲ, ಮಂತ್ರಿಗಳನ್ನೂ ಅಷ್ಟಾಗಿ ಬೈಯುವುದಿಲ್ಲ. ಅವರ ಸಿಟ್ಟು ಬೇರೆ ಕಡೆ: ‘ಎಷ್ಟು ಚೀಲ ಬಂದಾವು, ಎಲ್ಲಿಗೆ ಹೋಗ್ಯಾವು, ನಾಳೆ ಬರ್ತಾವೋ ಇಲ್ಲೋ, ಇಷ್ಟು ಹೇಳವ್ರು ಒಬ್ರೂ ಇರಲಿಲ್ಲ. ಇಲ್ಲ ಅಂದಿದ್ರ ಮನಿಗಾದ್ರೂ ಹೋಗ್ತಿದ್ವಿ.’

ನನಗೆ ಅತ್ಯಂತ ಗಂಭೀರವಾಗಿ ಕಾಣುವುದು ಇದು. ಅಂದು ಹಾರಿದ ಗುಂಡುಗಳಿಗೆ ವಹಿ ಇತ್ತು: ಯಾರ ಕೈಯಲ್ಲಿ ಕೊಟ್ಟದ್ದು, ಎಷ್ಟು ಉಳಿದದ್ದು, ಎಲ್ಲದಕ್ಕೂ. ಗೊಬ್ಬರದ ಚೀಲಕ್ಕೆ ಕೊನೆಯ ಅಂಗಡಿಯವರೆಗೂ ಅಂಥ ವಹಿ ಇರಲಿಲ್ಲ. ಕಂಪನಿಗೆ ಸಬ್ಸಿಡಿ ಕೊಡುತ್ತಿದ್ದದ್ದು ಮಾಲು ಜಿಲ್ಲೆಗೆ ಬಂತು ಎಂಬುದರ ಮೇಲೆ. ಅದು ರೈತನ ಹೊಲಕ್ಕೆ ಹೋಯಿತೋ, ಗೋದಾಮಿನಲ್ಲಿ ಬೆಲೆ ಏರಲೆಂದು ಕೂತಿತೋ, ಬೇರೆ ಕಡೆ ಜಾರಿತೋ ಎಂಬುದು ಸಬ್ಸಿಡಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಪಿಒಎಸ್ ಯಂತ್ರ, ರೈತನ ಆಧಾರ್, ಬೆರಳಚ್ಚು, ಮಾರಾಟವಾದ ಚೀಲಕ್ಕೆ ಮಾತ್ರ ಸಬ್ಸಿಡಿ ಎಂಬ ಪದ್ಧತಿ ದೇಶದಾದ್ಯಂತ ಬಂದದ್ದು 2018ರಲ್ಲಿ. ಹಾವೇರಿಯ ಸಾವುಗಳಾಗಿ ಹತ್ತು ವರ್ಷಗಳ ಮೇಲೆ. ಇದು ಬಂದ ಮೇಲೂ ಸಾಲು ನಿಂತಿಲ್ಲ. 2025ರ ಮುಂಗಾರಿನಲ್ಲಿ ರಾಜ್ಯದ ಹಲವು ಕಡೆ ಯೂರಿಯಾಕ್ಕಾಗಿ ರೈತರು ನಸುಕಿನಿಂದಲೇ ನಿಂತದ್ದನ್ನು ನೋಡಿದ್ದೇವೆ. ಯಂತ್ರ ಮಾರಿದ್ದನ್ನು ಎಣಿಸುತ್ತದೆ, ಬಾರದೇ ಇದ್ದದ್ದನ್ನು ಎಣಿಸುವುದಿಲ್ಲ.

ನಮ್ಮೂರಿನ ಇನ್ನೊಂದು ದಿನವನ್ನೂ ಇದರ ಪಕ್ಕ ಇಡಬೇಕು. 2024ರ ಮಾರ್ಚ್ 11, ಸೋಮವಾರ, ಟೆಂಡರ್ ದಿನ. ಮೆಣಸಿನಕಾಯಿ ದರ ದಿಢೀರನೆ ಕುಸಿದದ್ದನ್ನು ಕಂಡು ರೈತರು ಸಿಟ್ಟಿಗೆದ್ದರು. ಎಪಿಎಂಸಿ ಕಚೇರಿಗೆ ನುಗ್ಗಿದರು, ಕಲ್ಲು ಬಿದ್ದವು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಬಂದ ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಅಲ್ಲಿದ್ದ ಪೊಲೀಸರು ಗುಂಪಿಗೆ ಹೋಲಿಸಿದರೆ ಬೆರಳೆಣಿಕೆ. ಪುಣ್ಯಕ್ಕೆ ಯಾರೂ ಗುಂಡಿಗೆ ಬಲಿಯಾಗಲಿಲ್ಲ. ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ, ಸುಟ್ಟದ್ದೆಲ್ಲ ಮತ್ತೆ ನಮ್ಮದೇ ತೆರಿಗೆ ದುಡ್ಡಿನಲ್ಲಿ, ಮತ್ತೆ ಟೆಂಡರ್ ಕರೆದು ಬರಬೇಕು. ಮರುದಿನದಿಂದ ಊರಲ್ಲಿ ಕೇಳಿಬಂದ ಮಾತು ಒಂದೇ: ಪೊಲೀಸರು ಇನ್ನಷ್ಟು ಬೇಕಿತ್ತು, ಅಶ್ರುವಾಯು ಬೇಕಿತ್ತು. ಅಷ್ಟು ಆವಕ ಬರುತ್ತದೆಂದು ಮೊದಲೇ ಗೊತ್ತಿದ್ದ ದಿನ, ದರ ಏಕೆ ಇಳಿಯಿತು ಎಂದು ಪ್ರಾಂಗಣದಲ್ಲಿ ಮೈಕು ಹಿಡಿದು ಹೇಳುವ ಒಬ್ಬ ಅಧಿಕಾರಿ ಬೇಕಿತ್ತು ಎಂದವರು ಕಡಿಮೆ. ಮೈಕಿಗೆ ಟೆಂಡರ್ ಕೂಡ ಬೇಡ.

ಪೊಲೀಸ್ ಕಾನ್‌ಸ್ಟೆಬಲ್, ಪಿಎಸ್‌ಐ ಹುದ್ದೆಗೆ ಓದುತ್ತಿರುವವರು ಈ ಪುಟದ ಓದುಗರಲ್ಲಿ ಬಹಳ ಇದ್ದೀರಿ. ಕೃಷಿ ಇಲಾಖೆಗೆ, ಎಫ್‌ಡಿಎ, ಎಸ್‌ಡಿಎಗೆ ಓದುವವರೂ ಇದ್ದೀರಿ. ಅದೃಷ್ಟ ನೆಟ್ಟಗಿದ್ದು ನೇಮಕಾತಿ ರದ್ದಾಗದೆ ಮುಗಿದರೆ, ನಮ್ಮಲ್ಲೇ ಒಬ್ಬರು ಗುಂಡಿನ ವಹಿಗೆ ಸಹಿ ಹಾಕುತ್ತೀರಿ, ಇನ್ನೊಬ್ಬರು ಗೊಬ್ಬರದ ಬೇಡಿಕೆ ಪಟ್ಟಿ ಟೈಪ್ ಮಾಡುತ್ತೀರಿ. ಎರಡನೆಯ ಕೆಲಸ ಸಪ್ಪೆ ಎನಿಸಬಹುದು. ಪ್ರತಿ ಹಂಗಾಮಿಗೂ ಮೊದಲು ಕೇಂದ್ರದ ಕೃಷಿ ಇಲಾಖೆ ರಾಜ್ಯಗಳೊಡನೆ ಕೂತು ಬೇಡಿಕೆಯ ಅಂದಾಜು ಮಾಡುತ್ತದೆ, ಅದನ್ನು ನೋಡಿ ರಸಗೊಬ್ಬರ ಇಲಾಖೆ ತಿಂಗಳುವಾರು ಪೂರೈಕೆಯ ಯೋಜನೆ ಹಾಕುತ್ತದೆ. ಜಿಲ್ಲೆಯಿಂದ ಹೋದ ಅಂಕಿ ತಪ್ಪಿದ್ದರೆ ಜೂನ್‌ನಲ್ಲಿ ಅದನ್ನು ತಿದ್ದಲು ಹಡಗಿಗೂ ಆಗುವುದಿಲ್ಲ. ರಾಜ್ಯ ಸಹಕಾರ ಮಾರಾಟ ಮಹಾಮಂಡಳದ ಕಾಪು ದಾಸ್ತಾನು ಇರುವುದು ಇಂಥ ಹೊತ್ತಿಗೇ. ಅದಕ್ಕೆ ಗೋದಾಮಿನ ಬಾಡಿಗೆ, ಬ್ಯಾಂಕ್ ಬಡ್ಡಿ ಎಂದು ಖರ್ಚಿದೆ. ಮಳೆ ಕೈಕೊಟ್ಟ ವರ್ಷ ಮಾಲು ಹಾಗೇ ಉಳಿದು, ಲೆಕ್ಕಪರಿಶೋಧಕರು ‘ಅನಗತ್ಯ ದಾಸ್ತಾನು’ ಎಂದು ಆಕ್ಷೇಪ ಬರೆಯಲೂಬಹುದು. ಗುಂಡು ಬಳಕೆಯಾಗದೆ ಉಳಿದರೆ ಯಾರೂ ಹಾಗೆ ಬರೆಯುವುದಿಲ್ಲ, ಅದನ್ನು ಸಿದ್ಧತೆ ಎನ್ನುತ್ತಾರೆ.

ಇದನ್ನು ಕೇಳಲು ನೌಕರಿ ಸಿಗುವವರೆಗೆ ಕಾಯಬೇಕಿಲ್ಲ. ಪೊಲೀಸರ ಬಳಿ ಎಷ್ಟು ಗುಂಡು ಇದೆ ಎಂದು ಕೇಳಿದರೆ ಭದ್ರತೆಯ ಕಾರಣ ಹೇಳಿ ನಿರಾಕರಿಸಬಹುದು, ಅದರಲ್ಲಿ ಅರ್ಥವೂ ಇದೆ. ಜಿಲ್ಲೆಗೆ ಮೇ ತಿಂಗಳಿಗೆ ಎಷ್ಟು ಟನ್ ಡಿಎಪಿ ಹಂಚಿಕೆಯಾಗಿತ್ತು, ಮೇ 31ಕ್ಕೆ ಎಷ್ಟು ಬಂದಿತ್ತು, ಯಾವ ಸೊಸೈಟಿಗೆ ಎಷ್ಟು ಹೋಯಿತು ಎಂಬುದಕ್ಕೆ ಅಂಥ ಯಾವ ಗುಟ್ಟೂ ಇಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಮಿರಗದ ಮಳೆಗಿಂತ ಮೊದಲು ಉತ್ತರ ಕೈಯಲ್ಲಿರಬೇಕೆಂದರೆ ಅರ್ಜಿ ಮೇ ಮೊದಲ ವಾರ ಹೋಗಬೇಕು. ತಿಂಗಳು ಮುಗಿಯುವ ಮೊದಲೇ ಕೇಳುವುದರಿಂದ ಅರ್ಜಿಯಲ್ಲಿ ‘ಮೇ 31ಕ್ಕೆ’ ಎನ್ನುವ ಬದಲು ‘ಈ ದಿನಾಂಕದವರೆಗೆ’ ಎಂದು ಬರೆದರೆ ಸಾಕು. ನಾವು ನಾಲ್ವರು ಗೆಳೆಯರು ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಮೂರೂ ತಾಲ್ಲೂಕುಗಳಿಗೆ ಒಂದೊಂದು ಅರ್ಜಿ ಬರೆದಿಟ್ಟಿದ್ದೇವೆ. ದಿನಾಂಕದ ಜಾಗ ಮಾತ್ರ ಖಾಲಿ ಬಿಟ್ಟಿದ್ದೇವೆ.